ಮಸ್ಕತ್ ದೊಡ್ಡಪ್ಪ

ಅಕ್ಕನ ಮಗನಿಗೆ ಕ್ಲ್ಯಾಟ್‌ನಲ್ಲಿ, ಅಂದರೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ (ಎನ್‌ಎಲ್‌ಯು) ಪ್ರವೇಶ ಪರೀಕ್ಷೆಯಲ್ಲಿ, 120ಕ್ಕೆ 31.25 ಬಂತು. ಆ ಕಾಲು ಅಂಕ ಎಲ್ಲಿಂದ ಬಂತೆಂದು ಭಾವನಿಗೆ ಮೂರು ದಿನ ತಲೆಕೆಟ್ಟಿತ್ತು. ತಪ್ಪು ಉತ್ತರವೊಂದಕ್ಕೆ ಕಾಲು ಅಂಕ ಕಳೀತಾರೆ ಅಂತ ವಿವರಿಸಿದೆ. "ಹಾಗಾದ್ರೆ ಇವನು ಸುಮ್ಮನೆ ಕೂತಿದ್ರೆ ಇನ್ನೂ ಜಾಸ್ತಿ ಬರ್ತಿತ್ತು ಅನ್ನು" ಎಂದರು. ರ‍್ಯಾಂಕ್ ಹೇಳುವ ಹಾಗಿಲ್ಲ. ನಮ್ಮ ಬಡಾವಣೆಯ ಪಿನ್ ಕೋಡಿಗಿಂತ ಒಂದೇ ಒಂದು ಅಂಕಿ ಕಮ್ಮಿ.

ನಾಲ್ಕು ಸಾವಿರ ರೂಪಾಯಿ ಅರ್ಜಿ ಶುಲ್ಕ, ಎರಡು ವರ್ಷದ ಕೋಚಿಂಗ್, ಮನೆಗೆ ಬರುತ್ತಿದ್ದ ಇಂಗ್ಲಿಷ್ ಪೇಪರು, ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು. ನಾನು ಬುದ್ಧಿವಂತನ ಹಾಗೆ ಬಾಯಿ ಹಾಕಿದೆ: "ಭಾವ, ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದ ಕೆಳಗೆ ನೂರಕ್ಕೂ ಹೆಚ್ಚು ಕಾಲೇಜಿವೆ. ಪಿಯುಸಿಯಲ್ಲಿ 45 ಪರ್ಸೆಂಟ್ ಇದ್ರೆ ಸಾಕು. ಇಲ್ಲಾಂದ್ರೆ ಡಿಗ್ರಿ ಮುಗಿಸಿ ಮೂರು ವರ್ಷದ ಎಲ್‌ಎಲ್‌ಬಿ ಮಾಡಲಿ." ಭಾವ ನನ್ನನ್ನು ಕಂಡ ರೀತಿ, ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕೂರಿಸಿದವನನ್ನು ನೋಡುವ ಹಾಗಿತ್ತು. ಹೈಕೋರ್ಟಿನ ಪೀಠದಲ್ಲಿ ಕೂತ ಎಷ್ಟೋ ಮಂದಿ ಇಂಥದೇ ಕಾಲೇಜಿನ ಬೆಂಚು ಸವೆಸಿ ಬಂದವರು. ಕ್ಲ್ಯಾಟ್ ಹುಟ್ಟಿದ್ದೇ 2008ರಲ್ಲಿ. ಆದರೆ ಬೀಗರ ಮುಂದೆ ಇದನ್ನೆಲ್ಲ ಹೇಳಲಾಗುತ್ತದೆಯೇ? "ಎನ್‌ಎಲ್‌ಯು" ಅಂದರೆ ಸಾಕು, ಎದುರಿನವರು ಕಾಫಿ ಲೋಟ ಕೆಳಗಿಟ್ಟು ಕೇಳುತ್ತಾರೆ.

ಆಗ ಪತ್ತೆಯಾದದ್ದು ಎನ್‌ಆರ್‌ಐ ಸ್ಪಾನ್ಸರ್ಡ್ ಸೀಟು. ಎನ್‌ಆರ್‌ಐ ಸೀಟಲ್ಲ, ಗಮನಿಸಿ. ಅದಕ್ಕೆ ಹುಡುಗ ಅಥವಾ ಅವನಪ್ಪ ವಿದೇಶದಲ್ಲಿರಬೇಕು. ಇದಕ್ಕೆ ಫೀಸು ಕಟ್ಟುತ್ತೇನೆನ್ನುವ ನೆಂಟರೊಬ್ಬರ ಪ್ರೀತಿ ಮಾತ್ರ ವಿದೇಶದಲ್ಲಿದ್ದರೆ ಸಾಕು. ದೇಶದ ಕೆಲವು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಲ್ಲಿ ಈ ಬಾಗಿಲು ತೆರೆದಿದೆ. ಸಾಮಾನ್ಯ ಪಟ್ಟಿ ನಿಂತ ಜಾಗದಿಂದ ಸಾವಿರಗಟ್ಟಲೆ ರ‍್ಯಾಂಕ್ ಆಚೆ ಕೂತವರಿಗೂ ಇಲ್ಲಿ ಚೇರು ಸಿಗುತ್ತದೆ. ಫೀಸು ಮಾತ್ರ ಲಕ್ಷಗಳಲ್ಲಿ ಮೇಲೇರುತ್ತದೆ. ರ‍್ಯಾಂಕ್ ಕೆಳಗಿಳಿದಷ್ಟೂ ಫೀಸು ಮೇಲೇರುವುದು ಒಂದು ಬಗೆಯ ಸಮತೋಲನವೇ, ಬಿಡಿ.

ಸಮಸ್ಯೆ ಒಂದೇ. ನಮ್ಮ ವಂಶದಲ್ಲಿ ಯಾರೂ ಹೊಸೂರು ದಾಟಿದವರಲ್ಲ. ಅಕ್ಕ ಲಗ್ನಪತ್ರಿಕೆಗಳ ಹಳೇ ಡಬ್ಬ ತೆಗೆದಳು. ಸಂಜೆಯೊಳಗೆ ಮಸ್ಕತ್ತಿನಲ್ಲಿ ಒಬ್ಬರು ಸಿಕ್ಕರು: ಭಾವನ ತಮ್ಮನ ಷಡ್ಡಕ. ಸಂಬಂಧ ದೂರವಾಯಿತಲ್ಲ ಎಂದೆ. ಭಾವ ಬೆರಳು ಮಡಚುತ್ತಾ ಸಾಬೀತು ಮಾಡಿದರು. ತಮ್ಮನ ಹೆಂಡತಿ ಹುಡುಗನಿಗೆ ಚಿಕ್ಕಮ್ಮ. ಚಿಕ್ಕಮ್ಮನ ಅಕ್ಕ ದೊಡ್ಡಮ್ಮ. ದೊಡ್ಡಮ್ಮನ ಗಂಡ ದೊಡ್ಡಪ್ಪ. ದೊಡ್ಡಪ್ಪ ಅಂದರೆ ಇಂಗ್ಲಿಷಿನಲ್ಲಿ ಅಂಕಲ್. ಫಾರ್ಮಿನಲ್ಲಿ ಅಂಕಲ್ ಅಂತ ಇದೆ. ನಾಲ್ಕೇ ಹೆಜ್ಜೆ. ಈ ತರ್ಕಶಕ್ತಿಯಲ್ಲಿ ಕಾಲುಭಾಗ ಮಗನಿಗೆ ಬಂದಿದ್ದರೆ ಲೀಗಲ್ ರೀಸನಿಂಗ್ ವಿಭಾಗದಲ್ಲಿ ಹೀಗಾಗುತ್ತಿರಲಿಲ್ಲ.

ನನಗೆ ಸುಮ್ಮನಿರಲು ಬಾರದು. ಇನಾಮದಾರ್ ಪ್ರಕರಣದಲ್ಲಿ 2005ರಲ್ಲೇ ಸುಪ್ರೀಂ ಕೋರ್ಟ್, ಈ ಸೀಟು ಶೇ. 15 ದಾಟಬಾರದು, ಅದೂ ನಿಜವಾದ ಎನ್‌ಆರ್‌ಐಗಳ ಮಕ್ಕಳಿಗೆ ಅಥವಾ ವಾರ್ಡ್‌ಗಳಿಗೆ (ಅವರ ಪಾಲನೆಯಲ್ಲಿರುವವರಿಗೆ) ಮಾತ್ರ ಎಂದಿದೆ ಅಂತ ತೆಗೆದೆ. "ವಾರ್ಡ್ ತಾನೆ? ಮಸ್ಕತ್ತಿನವರ ಅಮ್ಮನ ಮನೆ ನಮ್ಮ ವಾರ್ಡಲ್ಲೇ ಇದೆ, ಕಾರ್ಪೊರೇಟರ್ ಹತ್ರ ಬರೆಸಿಕೊಂಡು ಬರ್ತೀನಿ." ಸರಿ, 2024ರ ಸೆಪ್ಟೆಂಬರನ್ನು ನೆನಪಿಸಿದೆ. ಪಂಜಾಬ್ ಸರ್ಕಾರ ಮೆಡಿಕಲ್ ಸೀಟಿಗೆ ಚಿಕ್ಕಪ್ಪ, ಅತ್ತೆ, ತಾತ, ಅಜ್ಜಿ, ಕಸಿನ್ನುಗಳನ್ನೆಲ್ಲ ಎನ್‌ಆರ್‌ಐ ಪಟ್ಟಿಗೆ ಸೇರಿಸಿತ್ತು. ಹೈಕೋರ್ಟ್ ಅದನ್ನು ಹೊಡೆದುಹಾಕಿತು. ಮೇಲ್ಮನವಿ ಒಯ್ದಾಗ ಸುಪ್ರೀಂ ಕೋರ್ಟ್, ಇದು ಮೋಸವಲ್ಲದೆ ಬೇರೇನೂ ಅಲ್ಲವೆಂದು ವಾಪಸ್ ಕಳಿಸಿತು. ಭಾವ ಕಣ್ಣೂ ಮಿಟುಕಿಸಲಿಲ್ಲ. "ಅದು ಮೆಡಿಕಲ್‌ಗೆ ಹೇಳಿದ್ದು ಕಣೋ. ಲಾಗೆ ಅಂತ ಎಲ್ಲಿದೆ ತೋರಿಸು?" ಅಪ್ಪನಿಗೇ ಸನ್ನದು ಕೊಡಿಸಿಬಿಟ್ಟರೆ ಖರ್ಚು ಕಮ್ಮಿಯಾಗುತ್ತಿತ್ತು.

ಹಾಗೆ ನೋಡಿದರೆ ಭಾವನೊಬ್ಬರನ್ನೇ ಆಡಿಕೊಳ್ಳುವುದು ತಪ್ಪು. ಪ್ರವೇಶದ ವಿಷಯಕ್ಕೆ ಬಂದರೆ ಗುರುಮನೆಗಳೇ ಎಡವಿವೆ. 2020ರ ಸೆಪ್ಟೆಂಬರಿನಲ್ಲಿ ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆ ಕ್ಲ್ಯಾಟ್ ಬಿಟ್ಟು ಎನ್‌ಎಲ್‌ಎಟಿ ಎಂಬ ತನ್ನದೇ ಪ್ರವೇಶ ಪರೀಕ್ಷೆ ನಡೆಸಿ, ಕೋರ್ಟಿನಲ್ಲಿ ಸೋತು, ಮತ್ತೆ ಕ್ಲ್ಯಾಟ್‌ಗೇ ಮರಳಿತು. ಕಾನೂನು ಕಲಿಸುವವರ ಕಥೆಯೇ ಹೀಗಾದರೆ ಕಲಿಯಲು ಹೊರಟವರದ್ದೇನು ಹೇಳೋಣ?

ಕೋರ್ಟ್ ಪಕ್ಕದ ಹೊಂಗೆಮರದ ಕೆಳಗೆ ನೋಟರಿ ಕೂತಿದ್ದರು. ಪಕ್ಕದಲ್ಲಿ ಫ್ಲಾಸ್ಕು, ಸ್ಟ್ಯಾಂಪ್ ಪ್ಯಾಡು, ಇ-ಸ್ಟ್ಯಾಂಪ್ ಕಾಗದದ ಕಟ್ಟು. ಕಟ್ಟು ಹಾರದಿರಲು ಮೇಲೊಂದು ಅರ್ಧ ಇಟ್ಟಿಗೆ. ಪ್ರಮಾಣಪತ್ರ ಮೊದಲೇ ಟೈಪಾಗಿತ್ತು, ಹೆಸರಿನ ಜಾಗ ಮಾತ್ರ ಖಾಲಿ: "ಸದರಿ ಅಭ್ಯರ್ಥಿಯನ್ನು ಬಾಲ್ಯದಿಂದಲೂ ಬಲ್ಲೆನು, ಆತನ ವಿದ್ಯಾಭ್ಯಾಸದ ಸಕಲ ಹೊಣೆಯೂ ನನ್ನದಾಗಿರುತ್ತದೆ." ಬಲ್ಲವರು ಮಸ್ಕತ್ತಿನಲ್ಲಿದ್ದಾರಲ್ಲ ಎಂದೆ. "ಅಲ್ಲಿಂದ ಸಹಿ ಹಾಕಿ ಕಳಿಸ್ತಾರೆ ಬಿಡಿ ಸಾರ್, ಈ ವಾರ ಇದು ಆರನೇದು" ಎಂದರು ನೋಟರಿ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಸುಳ್ಳು ಸಾಕ್ಷ್ಯದ ಅಧ್ಯಾಯ 227ನೇ ಕಲಮಿನಿಂದ ಶುರು. ಹುಡುಗನಿಗೆ ಥಿಯರಿ ಇನ್ನೂ ಬಂದಿಲ್ಲ, ಪ್ರಾಕ್ಟಿಕಲ್ ಮುಗಿಯಿತು.

ಹಣದ ದಾರಿ ಇನ್ನೂ ಸೊಗಸು. ಫೀಸು ಪ್ರಾಯೋಜಕರ ಎನ್‌ಆರ್‌ಇ ಖಾತೆಯಿಂದಲೇ, ಅಂದರೆ ಅನಿವಾಸಿಗಳು ವಿದೇಶದ ಗಳಿಕೆ ಇಡುವ ಖಾತೆಯಿಂದಲೇ ಬರಬೇಕಂತೆ. ಹಾಗಾಗಿ ಭಾವ ಸೈಟು ಅಡವಿಟ್ಟು ತಂದ ದುಡ್ಡನ್ನು ಇಲ್ಲಿ ಮಸ್ಕತ್ತಿನವರ ಅಮ್ಮನಿಗೆ ಕೊಡುವುದು, ಮಗ ಮಸ್ಕತ್ತಿನಿಂದ ಕಾಲೇಜಿಗೆ ಕಳಿಸುವುದು. ಕುವೆಂಪುನಗರದ ದುಡ್ಡು ಒಮಾನ್ ಸಮುದ್ರ ನೋಡಿಕೊಂಡು ಬಂದು ಪ್ರೀತಿಯಾಗುತ್ತದೆ.

ಭಾನುವಾರ ವಿಡಿಯೋ ಕಾಲ್ ಆಯಿತು. ಅಕ್ಕ ರೇಷ್ಮೆ ಸೀರೆ ಉಟ್ಟಿದ್ದಳು. ಹುಡುಗ ಶರ್ಟಿಗೆ ಇಸ್ತ್ರಿ ಹಾಕಿಸಿಕೊಂಡು ಫೋನಿನ ಮುಂದೆ ಕೈಮುಗಿದು ಕೂತ. ದೊಡ್ಡಪ್ಪ ಬಾಲ್ಯದಿಂದಲೂ ಬಲ್ಲ ಮುಖವನ್ನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿದರು.

"ಏನ್ ಮರಿ, ಇಂಜಿನಿಯರಿಂಗಾ?"

"ಲಾ, ದೊಡ್ಡಪ್ಪ."

"ಓ, ಒಳ್ಳೇದಾಯ್ತು. ನಂಜನಗೂಡು ರೋಡಲ್ಲಿ ನಮ್ದೊಂದು ಸೈಟಿನ ಕೇಸಿದೆ. ನೀನು ಮುಗಿಸ್ಕೊಂಡು ಬಾ, ನಿನಗೇ ಕೊಡ್ತೀನಿ."

ಐದು ವರ್ಷ ಆಗುತ್ತದಲ್ಲ ಎಂದು ಅಕ್ಕ ಸಂಕೋಚದಿಂದ ಹೇಳಿದಳು.

"ಪರವಾಗಿಲ್ಲಮ್ಮ," ಎಂದರು ಮಸ್ಕತ್ ದೊಡ್ಡಪ್ಪ. "ಅಷ್ಟರಲ್ಲಿ ನೋಟೀಸು ಜಾರಿ ಆಗಿದ್ರೆ ಹೆಚ್ಚು."