ಮರದಿಂದ ಬಿದ್ದವನನ್ನು ಎತ್ತಿ ಕೂರಿಸಬೇಡಿ

ನಮ್ಮ ಶಿರಸಿ, ಸಿದ್ದಾಪುರ ಕಡೆಯ ಹೈಸ್ಕೂಲು ಮಕ್ಕಳನ್ನು ಬೆನ್ನುಮೂಳೆಯಲ್ಲಿ ಎಷ್ಟು ಮಣಿ ಅಂತ ಕೇಳಿ, 33 ಅಂತ ತಟ್ಟನೆ ಹೇಳುತ್ತಾರೆ. ಅಡಿಕೆ ಮರದಿಂದ ಬಿದ್ದವನನ್ನು ಹೇಗೆ ಸಾಗಿಸಬೇಕು ಅಂತ ಕೇಳಿ, ಮುಖ ಮುಖ ನೋಡಿಕೊಳ್ಳುತ್ತಾರೆ. ತೋಟದ ನಡುವೆ ಬೆಳೆಯುವ ಮಕ್ಕಳಿಗೆ ಮೊದಲು ಬರಬೇಕಾದ್ದು ಎರಡನೆಯದು ಅಂತ ವಿಜ್ಞಾನ ಪಾಠ ಮಾಡುವ ನನ್ನ ವಾದ.

ನಾನು ಈ ಪಾಠವನ್ನು ಚಾರ್ಟಿನಿಂದ ಶುರು ಮಾಡುವುದಿಲ್ಲ. ತಲೆ ಬಗ್ಗಿಸಿ ಕುತ್ತಿಗೆಯ ಹಿಂದೆ ಬೆರಳಾಡಿಸಿ ಅನ್ನುತ್ತೇನೆ. ಬುಡದಲ್ಲಿ ಗಂಟಿನ ಹಾಗೆ ಉಬ್ಬಿದ್ದು ಸಿಗುತ್ತದಲ್ಲ, ಸಾಮಾನ್ಯವಾಗಿ ಅದೇ ಏಳನೇ ಮಣಿ. ಜಿರಾಫೆಯ ಕುತ್ತಿಗೆಯಲ್ಲೂ ಏಳೇ ಅಂದರೆ ಹಿಂದಿನ ಬೆಂಚೂ ಎದ್ದು ಕೂರುತ್ತದೆ. 'ಹೌದು' ಅಂತ ತಲೆಯಾಡಿಸುವುದು ಹೆಚ್ಚಾಗಿ ಬುರುಡೆ ಮತ್ತು ಮೊದಲ ಮಣಿಯ ನಡುವೆ, 'ಇಲ್ಲ' ಅನ್ನುವುದು ಮೊದಲನೆಯದು ಮತ್ತು ಎರಡನೆಯದರ ನಡುವೆ. ಇಷ್ಟು ಸಲೀಸಾಗಿ ತಿರುಗುವ ಜಾಗಕ್ಕೆ ಪೆಟ್ಟಿನ ಅಪಾಯವೂ ಜಾಸ್ತಿ. ಒಳಗಿರುವ ಬೆನ್ನುಹುರಿ ಹೆಚ್ಚೆಂದರೆ ಕಿರುಬೆರಳಿನಷ್ಟು ದಪ್ಪ. ಕುತ್ತಿಗೆಯ 3, 4, 5ನೇ ನರಗಳು ಉಸಿರಾಡಿಸುವ ಸ್ನಾಯುವಾದ ವಪೆಯನ್ನು ನಡೆಸುತ್ತವೆ. ಅದಕ್ಕೂ ಮೇಲೆ ಹುರಿ ತುಂಡಾದರೆ ಉಸಿರೇ ನಿಲ್ಲುತ್ತದೆ. ಕೆಳಗಾದರೆ ಜೀವ ಉಳಿದರೂ ಕೈಕಾಲಿನ ಸ್ವಾಧೀನ ಹೋಗಬಹುದು.

ಮಣಿ ಮುರಿದರೂ ಹುರಿ ಸರಿಯಾಗಿರಬಹುದು. ಅದನ್ನು ಕೆಡಿಸಬಲ್ಲದ್ದು ನಮ್ಮ ಗಡಿಬಿಡಿ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಯಲು ಹತ್ತಿದವ ಜಾರಿ ಬಿದ್ದ ಅಂದ ಕೂಡಲೇ ನಾಲ್ಕು ಜನ ಓಡಿ, ಕಂಕುಳಿಗೆ ಕೈ ಹಾಕಿ ಕೂರಿಸಿ, 'ತಮಾ, ನೀರು ಕುಡಿಯೋ' ಅನ್ನುತ್ತಾರೆ. ಆಮೇಲೆ ಮಡಚಿ ಓಮ್ನಿಯ ಹಿಂದಿನ ಸೀಟಿಗೆ ಹಾಕುತ್ತಾರೆ. ರಸ್ತೆ ಇಲ್ಲದ ಕೇರಿಯಾದರೆ ಕಂಬಳಿ ಜೋಲಿ, ಅದು ನಡುವೆ ಜಗ್ಗಿ ಬೆನ್ನನ್ನು ಬಗ್ಗಿಸುತ್ತದೆ.

ಹಾಗಾಗಿ ಶಾಲೆಯ ಅಂಗಳದಲ್ಲಿ ಮಾಡಿಸಿಯೇ ಕಲಿಸುತ್ತೇನೆ. ಒಬ್ಬ ಮಲಗುತ್ತಾನೆ (ಯಾವಾಗಲೂ ಕ್ಲಾಸಿನ ದಢೂತಿ ಹುಡುಗನೇ ಕೈ ಎತ್ತುವುದು). ಒಬ್ಬಳು ಅವನ ತಲೆಯ ಹಿಂದೆ ಮಂಡಿಯೂರಿ, ಎರಡೂ ಕೈಯಿಂದ ತಲೆ ಅಲುಗದಂತೆ ಹಿಡಿಯುತ್ತಾಳೆ. ಹುಕುಂ ಅವಳದ್ದೇ. ಅವಳು 'ಮೂರು' ಅಂದಾಗ ಭುಜ, ಸೊಂಟ, ಕಾಲು ಹಿಡಿದ ಮೂವರು ಇಡೀ ಮೈಯನ್ನು ಒಂದೇ ಸಲಕ್ಕೆ ಮಗ್ಗುಲಿಗೆ ಹೊರಳಿಸಬೇಕು. ಅಡಿಗೆ ಅಡಿಕೆ ಮರ ಸೀಳಿದ ದಬ್ಬೆಯ ತಟ್ಟಿ ಸರಿಸಬೇಕು. ಮೊದಮೊದಲು ಸೊಂಟ ಮುಂದೆ ಹೋಗಿ ಭುಜ ಹಿಂದೆ ಉಳಿಯುತ್ತದೆ, ಎಲ್ಲರೂ ನಗುತ್ತಾರೆ, ಮತ್ತೆ ಮಾಡಿಸುತ್ತೇನೆ. ಇದೆಲ್ಲ 108 ತಲುಪದ ಜಾಗಕ್ಕೆ ಮಾತ್ರ. ಅದು ಬರುವಂತಿದ್ದರೆ ತಲೆ ಹಿಡಿದು ಅಲ್ಲೇ ಕೂರುವುದೇ ಕೆಲಸ. ಉಸಿರು ನಿಂತಿದ್ದರೆ ಮಾತ್ರ ಕುತ್ತಿಗೆಗಿಂತ ಉಸಿರು ಮೊದಲು.

'ಮಕ್ಕಳಿಗೆ ಯಾಕೆ, ಇದು ಡಾಕ್ಟರ ಕೆಲಸ' ಅನ್ನುವವರಿದ್ದಾರೆ. ಬೆನ್ನುಹುರಿಯ ಆಪರೇಷನ್ ಅಂದರೆ ನಮ್ಮವರು ಹೊರಡುವುದು ಹುಬ್ಬಳ್ಳಿಗೋ ಮಣಿಪಾಲಕ್ಕೋ. ಕಾರವಾರದ ಮೆಡಿಕಲ್ ಕಾಲೇಜಿಗಾದರೂ ಘಟ್ಟ ಇಳಿಯಲೇಬೇಕು. ಬಿದ್ದ ಮೊದಲ ಹತ್ತು ನಿಮಿಷ ಪಕ್ಕದಲ್ಲಿರುವುದು ಮನೆಯ ಮಕ್ಕಳು.

ಕರಾವಳಿಯ ಶಾಲೆಗಳಿಗೂ ಇದು ಬೇಕು. ಅಘನಾಶಿನಿ, ಗಂಗಾವಳಿಯಲ್ಲಿ ಆಳ ನೋಡದೆ ತಲೆ ಕೆಳಗಾಗಿ ಹಾರುವ ಹುಡುಗರ ಕುತ್ತಿಗೆಗೂ ಅದೇ ಅಪಾಯ. ನೆಲದಲ್ಲೇ ನಿಂತು ಕೊಯ್ಯುವ ಉದ್ದದ ಕೋಲು, ದೋಟಿ, ಬಂದ ಮೇಲೆ ಕೆಲವು ತೋಟಗಳಲ್ಲಿ ಮರ ಹತ್ತುವುದು ತಪ್ಪಿದೆ, ನಿಜ. ಎಲ್ಲರಿಗೂ ಅದರ ಬೆಲೆ ಎಟುಕುವುದಿಲ್ಲ.

ಮುಂದಿನ ಸಲ ಮರ ಹತ್ತಿ ಅಡಿಕೆ ಕೊನೆ ಇಳಿಸುವ ಊರಿನ ಕೊನೆಗೌಡರನ್ನೂ ಅಂಗಳಕ್ಕೆ ಕರೆಯಬೇಕೆಂದಿದ್ದೇನೆ. ಕೊಯ್ಲು ಮುಗಿಯುವವರೆಗೆ ಅವರು ಸಿಗುವ ಪೈಕಿ ಅಲ್ಲ.