ವಾಡಿಕೆ ಮಳೆ ಎಂದರೆ ಯಾರ ಹೊಲದ ಮಳೆ?

ಹವಾಮಾನ ಇಲಾಖೆಯ ಮಾಹಿತಿ ಎಲ್ಲ ಉಚಿತವಾಗಿದೆ, ರೈತರು ನೋಡಿಕೊಂಡರೆ ಸಾಕು ಎಂದು ಒಂದು ಲೇಖನದಲ್ಲಿ ಓದಿದೆ. ಆ ಮಾತನ್ನು ನಾನು ಒಪ್ಪುವುದಿಲ್ಲ. 1901ರಿಂದ ಈಚೆಗಿನ ದಿನದಿನದ ಮಳೆ ಲೆಕ್ಕವನ್ನು ಇಲಾಖೆಯ ಪುಣೆ ಕಚೇರಿಯ ವೆಬ್‌ಸೈಟಿನಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ನಿಜ. ಅದು ದೊಡ್ಡ ಕೆಲಸವೇ. ಆದರೆ ಆ ಫೈಲ್ ಓದಲು ಕಂಪ್ಯೂಟರ್ ಚೆನ್ನಾಗಿ ಬಲ್ಲವರೇ ಬೇಕು. ಅದರಲ್ಲಿ ದೇಶವನ್ನು ಚೌಕಗಳಾಗಿ ಹಂಚಿ, ಒಂದೊಂದು ಚೌಕಕ್ಕೆ ಒಂದೇ ಮಳೆ ಲೆಕ್ಕ ಕೊಟ್ಟಿದ್ದಾರೆ. ಒಂದೊಂದು ಚೌಕ ಸುಮಾರು 25 ಕಿ.ಮೀ. ಅಗಲ. ನಮ್ಮ ಕಡೆ ಒಂದು ಊರಲ್ಲಿ ಮಳೆ ಸುರಿದರೆ ಪಕ್ಕದೂರು ಒಣಗಿರುತ್ತದೆ, ಅಲ್ವಾ?

ಜಿಲ್ಲೆಯ ಸರಾಸರಿ ನಂಬಿದರೆ ಇನ್ನೂ ತೊಂದರೆ. ಹಲವು ವರ್ಷಗಳ ಸರಾಸರಿಗಿಂತ ಶೇ 19ರಷ್ಟು ಕಡಿಮೆ ಬಿದ್ದರೂ ಇಲಾಖೆ ಲೆಕ್ಕದಲ್ಲಿ ಅದು ವಾಡಿಕೆ ಮಳೆಯೇ. ಚಿಂಚೋಳಿಯಲ್ಲಿ ಜಾಸ್ತಿ ಸುರಿದು, ಅಫಜಲಪುರದಲ್ಲಿ ತೊಗರಿ ಬಾಡಿದರೂ ಕಲಬುರಗಿ ಜಿಲ್ಲೆಯ ಅಂಕಿ ಚೆನ್ನಾಗಿಯೇ ಕಾಣಬಹುದು. ಒಟ್ಟು ಎಷ್ಟು ಬಿತ್ತು ಅನ್ನೋದಕ್ಕಿಂತ ಬಿತ್ತಿದ ಮೇಲೆ ಎಷ್ಟು ದಿನ ಮಳೆ ಕೈಕೊಟ್ಟಿತು ಅನ್ನೋದೇ ನಮಗೆ ಮುಖ್ಯ.

ಹೋಬಳಿವಾರು ಹಳೆಯ ಲೆಕ್ಕವನ್ನು, ವಾರವಾರಕ್ಕೆ ಬಿಡಿಸಿ, ಕನ್ನಡದಲ್ಲಿ ಬರೆದು ರೈತ ಸಂಪರ್ಕ ಕೇಂದ್ರದ ಗೋಡೆಗೆ ಹಾಕಲಿ. ಬೀಜ ತರಲು ನಾವೆಲ್ಲ ಹೋಗುವುದು ಅಲ್ಲಿಗೇ.