ರೊಟ್ಟಿಯನ್ನೇಕೆ ಬೈಯುತ್ತೀರಿ?

ತೂಕ ಇಳಿಸಬೇಕಾದರೆ ರೊಟ್ಟಿ, ಅನ್ನ ಬಿಟ್ಟು ಓಟ್ಸ್ ತಿನ್ನಿ, ದಿನಾ ಹತ್ತು ಸಾವಿರ ಹೆಜ್ಜೆ ನಡೆಯಿರಿ ಎಂದು ಬರೆದಿದ್ದೀರಿ. ನಡೆಯುವುದು ಸರಿ. ಆದರೆ ನಮ್ಮ ಕಲಬುರಗಿಯಲ್ಲಿ ಜೋಳದ ರೊಟ್ಟಿ ಬಿಡಿ ಅಂದರೆ ಯಾರು ಕೇಳ್ತಾರೆ? ಬಿಡುವ ಅಗತ್ಯವೂ ಇಲ್ಲ. ಜೋಳದಲ್ಲಿ ನಾರಿನಂಶ ಚೆನ್ನಾಗಿದೆ, ರೊಟ್ಟಿ ಬಡಿಯಲು ಎಣ್ಣೆ ಬೇಡ.

ಕಣ್ಣಿಡಬೇಕಾದ್ದು ರೊಟ್ಟಿಯ ಪಕ್ಕದಲ್ಲಿರುವುದರ ಮೇಲೆ. ಶೇಂಗಾದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಕೊಬ್ಬೇ. ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹಾಕಿಕೊಂಡು ಅದರ ಮೇಲೆ ಮತ್ತೆ ಎಣ್ಣೆ ಸುರಿಯುತ್ತೇವೆ. ಒಂದು ದೊಡ್ಡ ಚಮಚ ಎಣ್ಣೆ ಅಂದರೆ ಸುಮಾರು 120 ಕ್ಯಾಲೊರಿ! ಸಂಜೆ ಮಂಡಕ್ಕಿ ಸುಸ್ಲಾ ಜೊತೆ ಮಿರ್ಚಿ ಭಜಿ ಬೇರೆ. ಹಿಂಡಿ ಒಂದು ಚಮಚ ಇರಲಿ, ತಟ್ಟೆಯಲ್ಲಿ ಪುಂಡಿ ಪಲ್ಯ, ಹಸಿ ಸೌತೆಕಾಯಿ, ಗಟ್ಟಿ ಬೇಳೆ ಜಾಸ್ತಿ ಆಗಲಿ. ಈ ನೆಲದ್ದೇ ವಿಶೇಷ ಬೆಳೆ ಎಂಬ ಜಿಐ ಟ್ಯಾಗ್ ಸಿಕ್ಕ ತೊಗರಿ ನಮ್ಮದು, ಬೇಳೆಗೆ ಜಿಪುಣತನ ಯಾಕೆ?

ಅಜ್ಜಂದಿರೂ ಇದನ್ನೇ ಉಂಡರು, ನಿಜ. ಆದರೆ ಅವರು ಹೊಲದಲ್ಲಿ ದುಡಿಯುತ್ತಿದ್ದರು. ನಾವು ಕುರ್ಚಿ ಬಿಟ್ಟು ಏಳುವುದಿಲ್ಲ.

ವಾರಕ್ಕೆ 150 ನಿಮಿಷ ಚುರುಕು ನಡಿಗೆಯಾದರೂ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಏಪ್ರಿಲ್, ಮೇನಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹಾಗಾಗಿ ಬೆಳಗಿನ ಜಾವವೇ ಅಪ್ಪನ ಕೆರೆ ಕಡೆ ಹೋಗಿಬಿಡಿ. ಆಗದಿದ್ದರೆ ಮನೆಯೊಳಗೇ ಬಸ್ಕಿ ಹೊಡೆಯಿರಿ, ಸ್ನಾಯುಗಳಿಗೂ ಕೆಲಸ ಸಿಗುತ್ತದೆ. ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುವವರು ಮಾತ್ರ ಡಾಕ್ಟರನ್ನು ಕೇಳದೆ ಸುಮ್ನೆ ಉಪವಾಸ ಶುರು ಮಾಡಬೇಡಿ, ಸಕ್ಕರೆ ಒಮ್ಮೆಲೇ ಇಳಿದುಬಿಡಬಹುದು.